ಬಾನಿಗೆ ಹಾಕಿದ ಸುಳ್ಳು

ದೊಡ್ಡಮ್ಮನ ಬಾನಿಯಲ್ಲಿ ಬಣ್ಣ ಇತ್ತು. ಇದನ್ನು ಮೊದಲೇ ಬರೆದಿಡುತ್ತೇನೆ. ಏಕೆಂದರೆ ಆಮೇಲೆ ನಡೆದದ್ದೆಲ್ಲ ಬಣ್ಣವೇ ಇಲ್ಲವೆಂಬ ನಂಬಿಕೆಯ ಮೇಲೆ ನಡೆಯಿತು. ನಾನು ಬಾನಿಯ ಪಕ್ಕದಲ್ಲೇ ನಿಂತಿದ್ದೆ. ಅದ್ದಿದ ಬಟ್ಟೆ ಮೇಲೆ ಬಂದಾಗ ಹಳದಿ ಬೆರೆತ ಹಸಿರಾಗಿತ್ತು. ಗಾಳಿ ತಾಗಿದಂತೆ ಅಂಚಿನಿಂದ ಒಳಕ್ಕೆ ನೀಲಿ ಏರಿತು. ಹಿಂಡಿ ಹಗ್ಗದ ಮೇಲೆ ಹರವುವಷ್ಟರಲ್ಲಿ ಪೂರ್ತಿ ನೀಲಿಯಾಗಿ, ಮಡಿಕೆಗಳ ಒಳಗೆ ಕಪ್ಪೆನಿಸುವಷ್ಟು ಗಾಢವಾಗಿತ್ತು. ನಾನು ಕಂಡದ್ದು ಇದು. ದೊಡ್ಡಮ್ಮ ಕಂಡದ್ದು ಬೇರೆ.

ದೊಡ್ಡಮ್ಮ ನನ್ನ ತಾಯಿಯ ಅಕ್ಕ. ಮಧುಗಿರಿಯಿಂದ ಶಿರಾಕ್ಕೆ ಹೋಗುವ ರಸ್ತೆಯಲ್ಲಿ ಬಸ್ಸಿಳಿದು ಒಳಕ್ಕೆ ನಡೆಯಬೇಕಾದ ಹಳ್ಳಿಗೆ ಮದುವೆಯಾಗಿ ಹೋದವಳು. ಅವಳ ಗಂಡನ ಮನೆಯವರು ತಲೆಮಾರುಗಳಿಂದ ನೂಲಿಗೆ, ಮುಂಡಾಸಿನ ಬಟ್ಟೆಗೆ, ಸೀರೆಯ ಅಂಚಿಗೆ ನೀಲಿ ಹಾಕುತ್ತಿದ್ದವರು. ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಇಟ್ಟುಕೊಂಡ ಮೇಲೆಯೇ ಬಾನಿಯ ಮುಚ್ಚಳ ತೆಗೆಯುವುದು ಆ ಮನೆಯ ಕ್ರಮ. ದೊಡ್ಡಪ್ಪ ತೀರಿಕೊಂಡ ಮೇಲೆ ಅದನ್ನು ಮುಟ್ಟುವವಳು ಅವಳೊಬ್ಬಳೇ ಆದಳು. ಹಿತ್ತಿಲ ಚಪ್ಪರದ ಕೆಳಗೆ, ಕತ್ತಿನವರೆಗೂ ನೆಲದಲ್ಲಿ ಹೂತ ದೊಡ್ಡ ಮಣ್ಣಿನ ಬಾನಿ. ತಗಚೆ ಬೀಜ ಬೇಯಿಸಿದ ನೀರು, ಸುಣ್ಣದ ತಿಳಿ, ಕೆರೆಯಂಚಿನ ಚೌಳು ಮಣ್ಣನ್ನು ನೆನೆಸಿ ಸೋಸಿದ ನೀರು, ನೀಲಿಯ ಗಟ್ಟಿ, ಇವೇ ಅದರ ಆಹಾರ. ಅದು ಎಂದೂ ಬರಿದಾಗುವಂತಿಲ್ಲ. ಹಳೆಯ ರಸದ ಮೇಲೇ ಹೊಸದನ್ನು ಹಾಕುತ್ತ, ಅತ್ತೆಯ ಕೈಯಿಂದ ಸೊಸೆಯ ಕೈಗೆ, ಮೊಸರಿನ ಹೆಪ್ಪಿನಂತೆ ನಡೆದುಬಂದದ್ದು.

"ಹೆಪ್ಪು ಕೆಟ್ರೆ ಪಕ್ಕದ್ಮನೆಯಿಂದ ಒಂದು ಲೋಟ ತರ್ಬೋದು. ಈ ಬಾನಿ ಕೆಟ್ರೆ ಯಾರ ಮನೆ ಬಾಗ್ಲಿಗೆ ಹೋಗ್ಲಿ ನಾನು?" ಎಂದು ದೊಡ್ಡಮ್ಮ ಹೇಳುತ್ತಿದ್ದಳು. ಸುತ್ತಮುತ್ತ ಇನ್ನಾರ ಮನೆಯಲ್ಲೂ ಬಾನಿ ಉಳಿದಿರಲಿಲ್ಲ.

ನಾನು ಮಧುಗಿರಿಯಲ್ಲಿ ನಾಟಕದ ಉಡುಪು ಹೊಲಿದು ಬಾಡಿಗೆಗೆ ಕೊಡುವವಳು. ನಮ್ಮ ಕಡೆ ಊರೂರಲ್ಲಿ ಪೌರಾಣಿಕ ನಾಟಕ ಆಡುತ್ತಾರೆ. ರಾಜ ಯಾವ ಯುಗದವನೇ ಆಗಲಿ, ಅವನಿಗೆ ಕೆಂಪು ವೆಲ್ವೆಟ್ಟು, ಎದೆ ತುಂಬ ಚಮ್ಕಿ, ಬೆನ್ನಿಗೆ ಜಿಪ್ಪು. ಯಾರೂ ಪ್ರಶ್ನೆ ಮಾಡುವುದಿಲ್ಲ. ಹೀಗಿರುವಾಗ ಬೆಂಗಳೂರಿನಿಂದ ಒಂದು ತಂಡ ಬಂತು. ಪಾಳೇಗಾರರ ಕಾಲದ ಕಥೆಯನ್ನು ಧಾರಾವಾಹಿ ಮಾಡುತ್ತಿದ್ದರು. ನಮ್ಮೂರ ಬೆಟ್ಟದ ಕೋಟೆಯಲ್ಲೇ ಚಿತ್ರೀಕರಣ. ಉಡುಪಿನ ಜವಾಬ್ದಾರಿ ಹೊತ್ತಿದ್ದ ಹೆಣ್ಣುಮಗಳು ಹಳೆಯ ಬಟ್ಟೆಗಳ ವಿಷಯವನ್ನೇ ಓದಿಕೊಂಡವಳು. ನನ್ನ ಅಂಗಡಿಯ ವೆಲ್ವೆಟ್ಟುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ನಗಲಿಲ್ಲ. ಅದಕ್ಕೇ ಅವಳು ನನಗೆ ಇಷ್ಟವಾದಳು.

"ಅಕ್ಕಾ, ಗುಂಡಿ ಬೇಡ, ಕಸೆ ಕಟ್ಟೋ ಅಂಗಿ ಬೇಕು. ಸೈನಿಕರಿಗೆ ಚಲ್ಲಣ, ನಡುಕಟ್ಟು. ಮಷೀನ್ ಹೊಲಿಗೆ ಹೊರಗೆ ಕಾಣಬಾರದು. ಪ್ಯಾಕೆಟ್ ಬಣ್ಣ ಅಂತೂ ಬೇಡವೇ ಬೇಡ" ಎಂದಳು.

ಹಳದಿಗೆ ಮುತ್ತುಗದ ಹೂ, ಕೆಂಪಿಗೆ ಮಂಜಿಷ್ಠದ ಬೇರು ಎಂದು ಅವಳೇ ಬರೆದುಕೊಂಡು ಬಂದಿದ್ದಳು. ನೀಲಿ ಎಷ್ಟು ಗಾಢವಿರಬೇಕು ಎಂಬುದು ಮಾತ್ರ ಅವಳಿಗೆ ಖಚಿತವಿರಲಿಲ್ಲ. ಗುಡಿಗಳ ಗೋಡೆಯ ಚಿತ್ರ ನೋಡಿ ಬಟ್ಟೆಯ ಬಣ್ಣ ಹೇಳಲಾಗದು, ಗೋಡೆಗೆ ಹಾಕುವ ಬಣ್ಣವೇ ಬೇರೆ, ಆ ಕಾಲಕ್ಕೆ ಹತ್ತಿರದ ಒಂದು ಬಟ್ಟೆಯ ಚೂರು ಸಿಕ್ಕರೆ ಸಾಕು ಎಂದಳು. ನಾನು ಅವಳನ್ನು ದೊಡ್ಡಮ್ಮನ ಮನೆಗೆ ಕರೆದುಕೊಂಡು ಹೋದೆ.

ದೊಡ್ಡಮ್ಮ ಟ್ರಂಕಿನ ತಳದಿಂದ ಒಂದು ಗಂಟು ತೆಗೆದಳು. ಅದರಲ್ಲಿ ದೊಡ್ಡಪ್ಪನ ಅಜ್ಜನ ಮುಂಡಾಸಿನ ತುದಿಯಿತ್ತು. ಇದೇ ಬಾನಿಯ ಬಣ್ಣ. ಆ ಹೆಣ್ಣುಮಗಳು ಅದನ್ನು ಬಾಗಿಲ ಬೆಳಕಿಗೆ ಹಿಡಿದು ಎಳೆ ಎಳೆಯಾಗಿ ನೋಡಿದಳು. ಆಮೇಲೆ, "ಅಮ್ಮಾ, ಇದನ್ನ ಸ್ವಲ್ಪ ದಿನ ನನಗೆ ಕೊಡ್ತೀರಾ? ಹಾಳು ಮಾಡಲ್ಲ" ಎಂದಳು.

"ತಗಂಡೋಗವ್ವ. ನಂಗ್ಯಾಕೆ ಅದು? ಬಣ್ಣ ನನ್ನ ಕಣ್ಣಾಗೇ ಐತೆ" ಎಂದಳು ದೊಡ್ಡಮ್ಮ.

ಸೈನಿಕರ ನಡುಕಟ್ಟುಗಳ ನೀಲಿ ದೊಡ್ಡಮ್ಮನ ಪಾಲಿಗೆ ಬಂತು. ಅವಳಿಗೆ ಆದ ಸಂತೋಷವನ್ನು ನಾನು ನೋಡಿದ್ದೇನೆ. ಎಷ್ಟೋ ಕಾಲದಿಂದ ಬಾನಿಯನ್ನು ಸುಮ್ಮನೆ ಸಾಕುತ್ತಿದ್ದಳು, ಕರೆಯದ ಹಸುವನ್ನು ಸಾಕಿದಂತೆ. ಈಗ ಅದಕ್ಕೆ ಕೆಲಸ ಸಿಕ್ಕಿತ್ತು. ಬಟ್ಟೆಯನ್ನು ಒಗೆದು ಗಂಜಿ ಬಿಡಿಸಿದೆವು. ಮೊದಲ ತುಂಡು ಅದ್ದಿ ತೆಗೆದಾಗ ನಡೆದದ್ದನ್ನು ಮೇಲೆ ಬರೆದಿದ್ದೇನೆ. ನಾನು "ಆಹಾ" ಎಂದೆ. ದೊಡ್ಡಮ್ಮ ಬಟ್ಟೆಯ ಅಂಚನ್ನು ಹೆಬ್ಬೆರಳಿನಿಂದ ಉಜ್ಜಿ, ಬಿಸಿಲಿಗೆ ತಿರುಗಿಸಿ, ಮತ್ತೆ ನೆರಳಿಗೆ ತಂದು ನೋಡಿದಳು.

"ಕೂತಿಲ್ಲ ಕಣೆ."

"ಏನು ಕೂತಿಲ್ಲ?"

"ಬಣ್ಣ. ಬೂದಿ ಬೂದಿ ಐತೆ."

ಮತ್ತೆ ಅದ್ದಿದಳು. ಮತ್ತೆ ಅದೇ ಮಾತು. ಬಾನಿಯ ಮೇಲೆ ಬಗ್ಗಿ ಮೂಸಿದಳು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿಕೊಂಡಳು. ನೊರೆಯನ್ನು ಅಂಗೈಯಲ್ಲಿ ಹಿಡಿದು ಒಡೆಯುವ ಸದ್ದು ಕೇಳಿದಳು. ಅವಳ ಮುಖದಲ್ಲಿ ಹೆದರಿಕೆ ಕಂಡದ್ದು ಆಗ. "ವಾಸ್ನೆ ಸರಿಯಾಗೈತೆ. ರುಚಿ ಸರಿಯಾಗೈತೆ. ಎಲ್ಲಾ ಸರಿಯಾಗೈತೆ, ಬಣ್ಣ ಒಂದಿಲ್ಲ" ಎಂದಳು. ಸುಣ್ಣ ಹೆಚ್ಚಾಗಿದ್ದರೆ, ಹುಳಿ ಬಂದಿದ್ದರೆ ಅವಳಿಗೆ ಮದ್ದು ಗೊತ್ತಿತ್ತು. ಯಾವ ಕೊರತೆಯೂ ಇಲ್ಲದೆ ಬಣ್ಣ ಬಿಡದ ಬಾನಿಗೆ ಆ ಮನೆಯಲ್ಲಿ ಒಂದೇ ಮದ್ದು: ಒಂದು ಸುಳ್ಳು ಹಾಕಬೇಕು.

ಸುಣ್ಣ ಹಾಕಬೇಕು ಎನ್ನುವ ಧ್ವನಿಯಲ್ಲೇ ಅವಳು ಅದನ್ನು ಹೇಳಿದಳು. ಅದಕ್ಕೆ ಕಟ್ಟುಪಾಡುಗಳಿದ್ದವು. ಸುಳ್ಳು ನಮ್ಮ ಮನೆಯ ಮೇಲೆಯೇ ಇರಬೇಕು, ಬೇರೆಯವರಿಗೆ ನೋವಾಗಬಾರದು. ಒಬ್ಬರ ಕಿವಿಗೆ ಮಾತ್ರ ಹಾಕಬೇಕು. ಅದು ಊರು ತಿರುಗಿ ಬೇರೊಬ್ಬರ ಬಾಯಿಂದ ನಮ್ಮ ಹತ್ತಿರ ವಾಪಸು ಬರುವವರೆಗೆ ಅಲ್ಲಗಳೆಯಬಾರದು. ಜನ ನಂಬಿದರೆ ಬಾನಿ ತಿಳಿಯಾಗುತ್ತದೆ. ಒಂದು ಬಾನಿಗೆ ಒಂದೇ ಸುಳ್ಳು, ಎರಡನೆಯದು ವಿಷ. ಹಿಂದೊಮ್ಮೆ ಅವಳ ಅತ್ತೆ, ನಮ್ಮ ಎಮ್ಮೆ ಬಿಳಿ ಕರು ಹಾಕಿದೆ ಎಂದು ಸುದ್ದಿ ಬಿಟ್ಟಿದ್ದಳಂತೆ. ಪಕ್ಕದ ಊರಿನವರು ಅರಿಸಿನ ಕುಂಕುಮ ಹಿಡಿದು ನೋಡಲು ಬಂದಿದ್ದರಂತೆ. ಬಾನಿ ಸರಿಹೋಯಿತಂತೆ.

ಮಾರನೆಯ ಬೆಳಿಗ್ಗೆ ಡೈರಿಯ ಮುಂದೆ ಹಾಲಿನ ಸಾಲಿನಲ್ಲಿ ನಾನೂ ಅವಳ ಜೊತೆಗಿದ್ದೆ. ಪಕ್ಕದ ಮನೆಯವಳು, "ಏನಕ್ಕ, ಹಾಲು ಕಮ್ಮಿ ಐತಲ್ಲ ಇವತ್ತು?" ಎಂದು ಕೇಳಿದಳು.

"ಎಮ್ಮೆನೇ ಮಾರಿಬುಡ್ತೀನಿ ಕಣೆ. ತಿರುಮಣಿಗೆ ಹೋಗೋಳಿಗೆ ಎಮ್ಮೆ ಯಾಕೆ?" ಎಂದಳು ದೊಡ್ಡಮ್ಮ.

"ತಿರುಮಣಿಗಾ? ಪಾವಗಡದ ಕಡೆ ಏನೈತೆ ನಿಂಗೆ?"

"ಗಂಡು ಐತೆ. ಮದ್ವೆ ಮಾಡ್ಕತೀನಿ."

ಆ ಹೆಂಗಸಿನ ಕೈಯಲ್ಲಿದ್ದ ಕ್ಯಾನು ಓರೆಯಾಯಿತು.

"ಹೆಂಡ್ತಿ ಹೋಗವ್ಳೆ ಅವನಿಗೆ. ಜಮೀನೆಲ್ಲ ಸೋಲಾರ್‌ನೋರಿಗೆ ಕೊಟ್ಬುಟ್ಟು ಅರಳಿಕಟ್ಟೆ ಮ್ಯಾಲೆ ಕುಂತವ್ನೆ. ಒಬ್ನೇ ಕುಂತು ಕುಂತು ಬ್ಯಾಸ್ರ ಆಗೈತಂತೆ. ಯಾರ್ಗೂ ಹೇಳ್ಬ್ಯಾಡ ಕಣೆ ಮತ್ತೆ."

"ಈ ವಯಸ್ನಾಗೆ ನಿಂಗೇನು ಬಂತಕ್ಕ!"

"ವಯಸ್ಸಾಗಿರೋದು ಮಂಡಿಗೆ ಕಣೆ, ನಂಗಲ್ಲ."

ನಾನು ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡೆ. ನಾಲ್ಕು ದಿನ ಹಿಡಿಯಬಹುದು ಎಂದು ದೊಡ್ಡಮ್ಮ ಎಣಿಸಿದ್ದಳು. ಅಷ್ಟು ಹಿಡಿಯಲಿಲ್ಲ. ಸುಣ್ಣ ತರಲು ಶಿರಾದ ಪೇಟೆಗೆ ಹೋದಾಗ, ಅವಳಿಗೆ ಹಳೆಯ ಪರಿಚಯದ ಅಂಗಡಿಯವರು ದೂರದಿಂದಲೇ ಕೈಯೆತ್ತಿದರು. "ಅರೇ ಅಮ್ಮಾ, ಮುಬಾರಕ್! ಶಾದಿ ಅಂತೆ, ನಮ್ಗೆ ದಾವತ್ ಇಲ್ವಾ? ಬಾನೀನೂ ಅಗ್ದು ಲಾರಿನಾಗೆ ತಗೊಂಡ್ ಹೋಗ್ತಾರಂತೆ ದುಲ್ಹನ್ ಜೊತೆ!" ಎಂದರು. ದೊಡ್ಡಮ್ಮ ನಾಚಿದವಳಂತೆ ತಲೆ ಬಗ್ಗಿಸಿ, ನನ್ನ ಕೈಯನ್ನು ಗಟ್ಟಿಯಾಗಿ ಹಿಂಡಿದಳು. "ಬಂತು ಕಣೆ, ವಾಪಸ್ ಬಂತು" ಎಂದು ಪಿಸುಗುಟ್ಟಿದಳು.

ಹಿಂದಿರುಗುವ ಬಸ್ಸಿನಲ್ಲಿ ಇನ್ನೊಂದಾಯಿತು. ಪಾವಗಡದ ಕಡೆಯ ಹೆಂಗಸೊಬ್ಬಳು, ಕ್ಯಾತಗಾನಚೆರ್ಲಿನ ನೆಂಟರ ಮನೆಗೆ ಹೊರಟವಳು, ಮುಂದಿನ ಸೀಟಿನಿಂದ ಪೂರ್ತಿ ತಿರುಗಿ ಕುಳಿತಳು. "ಏಮ್ಮಾ, ಪೆಳ್ಳಿಕೂತುರು, ಮದ್ವೆ ಹೆಣ್ಣು ನೀನೇನಾ? ಆ ತಿರುಮಣಿ ಗಂಡು ನಂಗೆ ಗೊತ್ತು ಕಣಮ್ಮ. ಒದ್ದಮ್ಮಾ ಒದ್ದು, ಬ್ಯಾಡವೇ ಬ್ಯಾಡ! ಸಾನೆ ಕುಡೀತಾನೆ" ಎಂದಳು. ಹುಟ್ಟಿಯೇ ಇರದ ಮನುಷ್ಯ ಆಗಲೇ ಕುಡಿತ ಕಲಿತಿದ್ದ. ದೊಡ್ಡಮ್ಮ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಆಮೇಲೆ ನೋಡಿಲ್ಲ.

ಮನೆಗೆ ಬಂದು ಸ್ನಾನ ಮಾಡಿ, ಪೂಜೆ ಮುಗಿಸಿ, ಮುಚ್ಚಳ ತೆಗೆದಳು. ಬಟ್ಟೆಯ ತುಂಡು ಅದ್ದಿ ಎತ್ತಿದಳು. ಹಸಿರು ಬಂತು, ಹಸಿರಿನ ಮೇಲೆ ನೀಲಿ ಏರಿತು. ನಾನು ಉಸಿರು ಬಿಟ್ಟೆ. ಅವಳು ಬಟ್ಟೆಯನ್ನು ನೋಡುತ್ತ ನಿಂತೇ ಇದ್ದಳು.

"ಇಲ್ಲ."

"ದೊಡ್ಡಮ್ಮ, ಬಂದೈತೆ. ನೋಡು, ಎಷ್ಟು ಗಾಢ ಬಂದೈತೆ."

"ಸಮಾಧಾನ ಹೇಳ್ಬ್ಯಾಡ ನಂಗೆ. ಒಂದು ಸುಳ್ಳು ಹಾಕಾಗೈತೆ. ಎರಡ್ನೇದು ಹಾಕಂಗಿಲ್ಲ."

ನಾನು ಎಷ್ಟು ಹೇಳಿದರೂ ಅದು ಅವಳಿಗೆ ಎರಡನೆಯ ಸುಳ್ಳೇ ಆಯಿತು. ಪಕ್ಕದ ಮನೆಯವಳನ್ನು ಕರೆದು ತೋರಿಸಿದೆ. ಚೆನ್ನಾಗಿದೆಯಲ್ಲ ಎಂದಳು. "ಇವಳ್ಗೇನು ಗೊತ್ತು ಬಣ್ಣ? ಮದ್ವೆ ಹೆಣ್ಣಿನ ಮನಸ್ಸು ನೋಯಿಸ್ಬಾರ್ದು ಅಂತವ್ಳೆ" ಎಂದು ದೊಡ್ಡಮ್ಮ ಅವಳನ್ನೂ ತಳ್ಳಿಹಾಕಿದಳು. ಫೋಟೊ ತೆಗೆದು ಬೆಂಗಳೂರಿಗೆ ಕಳಿಸಿದೆ. ಉಡುಪಿನ ಹೆಣ್ಣುಮಗಳು ಕೂಡಲೇ ಫೋನು ಮಾಡಿದಳು. "ಫೋನಲ್ಲಿ ನೀಲಿ ಸರಿಯಾಗಿ ಗೊತ್ತಾಗಲ್ಲ ಅಕ್ಕಾ. ಅಮ್ಮ ಏನಂತಾರೆ? ಅವರು ಸರಿಯಿಲ್ಲ ಅಂದ್ರೆ ಸರಿಯಿಲ್ಲ" ಎಂದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಈ ನೀಲಿಯ ವಿಷಯದಲ್ಲಿ ದೊಡ್ಡಮ್ಮನಿಗಿಂತ ದೊಡ್ಡ ಮಾತು ಯಾರದೂ ಇರಲಿಲ್ಲ. ನಾವೆಲ್ಲ ಆ ಮಾತನ್ನು ಗೌರವಿಸಿದೆವು.

ಬೇರೆ ಬಾನಿಯಾಗಿದ್ದರೆ ಏನಾದರೂ ಹಾಕಿ ನೋಡಬಹುದಿತ್ತು. ಸುಳ್ಳು ಹಾಕಿ, ಅದನ್ನು ಜನ ನಂಬಿ, ವಾಪಸು ಬಂದ ಮೇಲೂ ಬಣ್ಣ ಬಿಡದ ಬಾನಿಗೆ ಅವಳ ತಿಳಿವಳಿಕೆಯಲ್ಲಿ ಹೆಸರು ಒಂದೇ: ಸತ್ತ ಬಾನಿ. ಸತ್ತದ್ದನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಸೋಮವಾರ ಶಿವನ ದಿನ, ಅದು ಕಳೆಯಲಿ ಎಂದಳು. ಸೋಮವಾರ ಕಳೆಯಿತು. ಮಂಗಳವಾರ ಬೆಳಿಗ್ಗೆ ನಾನು ಮಧುಗಿರಿಯಿಂದ ಬರುವಷ್ಟರಲ್ಲಿ ಅವಳು ಅರ್ಧ ಬಾನಿ ಮೊಗೆದಿದ್ದಳು. ನಾನು ಕೈ ಹಿಡಿದೆ. ಅವಳು ಜಗಳವಾಡಲಿಲ್ಲ. ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಬಕೀಟನ್ನು ತಿಪ್ಪೆಯ ಮೇಲೆ ಸುರಿದಳು.

ಹಸಿರು ನೀರು ತಿಪ್ಪೆಯ ಒಣಹುಲ್ಲಿನ ಮೇಲೆ, ಸಗಣಿಯ ಮೇಲೆ ಹರಿಯಿತು. ನಾನು ನೋಡುತ್ತಿದ್ದಂತೆ ಹುಲ್ಲು ನೀಲಿಯಾಯಿತು. ತಿಪ್ಪೆಯ ಒಂದು ಮಗ್ಗುಲು ಪೂರ್ತಿ ನೀಲಿಯಾಯಿತು. ಕೋಳಿಯೊಂದು ಅದರಲ್ಲಿ ಕಾಲಿಟ್ಟು, ಅಂಗಳದ ತುಂಬ ನೀಲಿ ಹೆಜ್ಜೆ ಮೂಡಿಸಿತು. ದೊಡ್ಡಮ್ಮ ತನ್ನ ಕೈಗಳನ್ನು ಮುಂದೆ ಚಾಚಿದಳು. ಮಣಿಕಟ್ಟಿನವರೆಗೆ ಬಣ್ಣ ಹತ್ತಿತ್ತು. "ನೋಡು, ಕೈಗೂ ಹತ್ಲಿಲ್ಲ" ಎಂದಳು.

ಸಂಕಟದಲ್ಲಿ ಆಡಿದ ಮಾತು ಎಂದುಕೊಂಡೆ. ಆದರೂ ಆ ಕೈಗಳನ್ನು ಮತ್ತೊಮ್ಮೆ ನೋಡಿದೆ. ಉಗುರುಗಳ ಸುತ್ತಲೂ ನೀಲಿ ಇತ್ತು.

ಚಿತ್ರೀಕರಣ ನಿಲ್ಲುವುದಿಲ್ಲ. ನಡುಕಟ್ಟುಗಳಿಗೆ ಪ್ಯಾಕೆಟ್ ಬಣ್ಣ ಹಾಕಿದರು. ಅವನ್ನು ಹೊಲಿದವಳೂ ನಾನೇ. ಉಡುಪಿನ ಹೆಣ್ಣುಮಗಳು ಬೇಡವೆಂದು ಹಟ ಹಿಡಿದಳಂತೆ. ಅವಳ ಮಾತು ನಡೆಯಲಿಲ್ಲ. ಆಮೇಲೆ ಧಾರಾವಾಹಿಯನ್ನು ನಾನು ಮೊಬೈಲಿನಲ್ಲಿ ನೋಡಿದೆ. ಹಳೆಯ ಕಾಲದಂತೆ ಕಾಣಲೆಂದು ಇಡೀ ಚಿತ್ರಕ್ಕೆ ಮಣ್ಣಿನ ಬಣ್ಣ ಕೊಟ್ಟಿದ್ದರು. ಬೆಟ್ಟ, ಆಕಾಶ, ಕುದುರೆ, ಮನುಷ್ಯರು ಎಲ್ಲವೂ ಕಂದು. ಯಾವ ನೀಲಿಯಿದ್ದರೂ ಅಲ್ಲಿ ಕಪ್ಪಾಗಿಯೇ ಕಾಣುತ್ತಿತ್ತು.

ಮುಂಡಾಸಿನ ಚೂರನ್ನು ಹಿಂದಿರುಗಿಸಲು ಆ ಹೆಣ್ಣುಮಗಳು ತಾನೇ ಬಂದಳು. ಬಿಳಿ ಮಲ್ಲು ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ತಂದಿದ್ದಳು. ದೊಡ್ಡಮ್ಮ ಜಗಲಿಯ ಮೇಲೆ ಕುಳಿತು ಅದನ್ನು ಬಿಚ್ಚಿದಳು. ಅವಳ ಹುಬ್ಬು ಗಂಟಾಯಿತು.

"ಇದೇನವ್ವಾ ಹಿಂಗ್ಮಾಡ್ಬುಟ್ಟೆ? ಸೋಪಾಕಿ ಒಗ್ದುಬುಟ್ಟಾ?"

"ಇಲ್ಲಮ್ಮಾ, ಒಂದು ಹನಿ ನೀರೂ ತಾಗ್ಸಿಲ್ಲ" ಎಂದು ಅವಳು ಗಾಬರಿಯಾದಳು.

"ಮತ್ತೆ ಹಿಂಗ್ಯಾಕೆ ಬೂದಿ ಆಗೈತೆ? ಇದ್ರಾಗೂ ಬಣ್ಣ ಹೋಗೈತೆ."

ಅವಳ ಮಡಿಲಲ್ಲಿದ್ದ ಚೂರು ಕೊಟ್ಟಾಗ ಹೇಗಿತ್ತೋ ಹಾಗೆಯೇ ಇತ್ತು. ಆ ಹೆಣ್ಣುಮಗಳು ನನ್ನ ಮುಖ ನೋಡಿದಳು. ನಾನು ಅವಳ ಮುಖ ನೋಡಿದೆ. ಇಬ್ಬರಿಗೂ ಒಟ್ಟಿಗೇ ತಿಳಿಯಿತು. ಬೇಸಿಗೆಯಲ್ಲಿ ಇದೇ ಉಡುಪುಗಳಿಗೆಂದು ನಾನು ಹಾಕುತ್ತಿದ್ದ ಮುತ್ತುಗದ ಹಳದಿಯನ್ನು ಸಾಲದು ಸಾಲದು ಎಂದು ದೊಡ್ಡಮ್ಮ ಮತ್ತೆ ಮತ್ತೆ ಅದ್ದಿಸಿದ್ದು ನನಗೆ ಆಗ ನೆನಪಾಯಿತು.

ಕೊರಟಗೆರೆಯ ಮೇಲೆ ಹೋಗುವ ಬಸ್ಸಿನಲ್ಲಿ ದೊಡ್ಡಮ್ಮನನ್ನು ತುಮಕೂರಿಗೆ ಕರೆದುಕೊಂಡು ಹೋದೆ. ಕಣ್ಣಿನ ಡಾಕ್ಟರು ಸಣ್ಣ ಸಣ್ಣ ಬಣ್ಣದ ಬಿಲ್ಲೆಗಳನ್ನು ಮೇಜಿನ ಮೇಲೆ ಹರಡಿ, ಒಂದರ ಪಕ್ಕ ಒಂದು ಹೊಂದುವಂತೆ ಇಡಿ ಎಂದರು. ದೊಡ್ಡಮ್ಮನಿಗೆ ಇದು ಗೊತ್ತಿದ್ದ ಕೆಲಸ. ಹಿಂಜರಿಯಲಿಲ್ಲ. ಬೆರಳ ತುದಿಯಿಂದ ಒಂದೊಂದನ್ನೂ ಸರಿಸಿ ಸಾಲು ಮಾಡಿ, ಮುಗಿಯಿತು ಎಂದು ಕೈ ಹಿಂದಕ್ಕೆ ತೆಗೆದಳು. ಕೆಂಪುಗಳು ಬಹುತೇಕ ಸರಿಯಾಗಿದ್ದವು. ನೀಲಿ ಇರಬೇಕಾದ ಕಡೆ ನೀಲಿ, ಹಸಿರು, ಬೂದಿ ಎಲ್ಲ ಕಲಸಿಹೋಗಿದ್ದವು. ಆ ಸಾಲನ್ನು ನೋಡುತ್ತ ಕುಳಿತಿರುವುದು ಕಷ್ಟವಾಯಿತು.

ಸಕ್ಕರೆ ಕಾಯಿಲೆ ಬಹಳ ಕಾಲದಿಂದ ಇದೆ, ಕಣ್ಣಿನ ಹಿಂದಿನ ಪರದೆ ಕೆಟ್ಟಿದೆ, ಕೆಲವರಿಗೆ ಮೊದಲು ನೀಲಿಯೇ ಹೋಗುತ್ತದೆ, ಮೆಲ್ಲಗೆ ಹೋಗುವುದರಿಂದ ಅವರಿಗೇ ತಿಳಿಯುವುದಿಲ್ಲ ಎಂದು ಡಾಕ್ಟರು ಹೇಳಿದರು. ಇಂಜೆಕ್ಷನ್ ಕೊಟ್ಟು ಇನ್ನಷ್ಟು ಕೆಡದಂತೆ ನೋಡಬಹುದು. ಹೋದ ಬಣ್ಣ ಬರುತ್ತದೆಯೇ ಎಂದು ಕೇಳಿದೆ. ಇಲ್ಲ ಎಂದರು. ಒಳ್ಳೆಯ ಮನುಷ್ಯ, ಸುತ್ತಿಬಳಸಲಿಲ್ಲ.

ವಾಪಸು ಬರುವಾಗ ಕೊರಟಗೆರೆಯಲ್ಲಿ ಬಸ್ಸು ನಿಂತಿತು. ಡ್ರೈವರು ಟೀ ಕುಡಿಯಲು ಇಳಿದ. ಕಿಟಕಿಯ ಪಕ್ಕ ಕುಳಿತಿದ್ದ ದೊಡ್ಡಮ್ಮ ಹೊರಗೆ ನೋಡುತ್ತಲೇ ಕೇಳಿದಳು. "ಬಾನಿ ಬದ್ಕಿತ್ತೇನೆ?"

ನನಗೆ ಎರಡು ಉತ್ತರಗಳಿದ್ದವು. ಇಲ್ಲ, ಅದೂ ಸತ್ತಿತ್ತು ಎಂದುಬಿಟ್ಟರೆ ಅವಳ ಕೈ ಮೇಲಿನ ಭಾರ ಇಳಿಯುತ್ತಿತ್ತು. ಆದರೆ ಅವಳು ಈಗ ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಬದ್ಕಿತ್ತು ದೊಡ್ಡಮ್ಮ" ಎಂದೆ.

"ಎಷ್ಟು ಬಿಟ್ಟಿತ್ತು ಬಣ್ಣ?"

"ಮಡಿಕೆ ಒಳ್ಗೆ ಕಪ್ಪು ಅನ್ಸೋ ಅಷ್ಟು."

ಅವಳು ತಲೆಯಾಡಿಸಿದಳು. ಚೆನ್ನಾಗಿ ಬಂದ ಬಟ್ಟೆ ನೋಡಿದಾಗ ಆಡಿಸುತ್ತಿದ್ದ ಹಾಗೆಯೇ ಆಡಿಸಿದಳು. "ಅಂಗಾರೆ ಸುರ್ದೋಳು ನಾನೇ" ಎಂದಳು.

ಆಮೇಲೆ ನಾನು ಹೇಳದೆ ಇದ್ದವಳಲ್ಲ. ಹೊಸದಾಗಿ ಬಾನಿ ಕಟ್ಟೋಣ, ವಾಸನೆ ರುಚಿ ನೀನು ನೋಡು, ಬಣ್ಣ ನಾನು ನೋಡಿ ಹೇಳ್ತೀನಿ ಎಂದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. "ಹೆಪ್ಪು?" ಎಂದು ಮಾತ್ರ ಕೇಳಿದಳು. ಹಳೆಯ ರಸವೆಲ್ಲ ತಿಪ್ಪೆಗೆ ಹೋಗಿತ್ತು. ಆಮೇಲೆ ಅವಳೇ ಹೇಳಿದಳು: "ನೀನು ಬಂದೈತೆ ಅಂತೀಯ. ನಾನು ನಂಬ್ಬೇಕು. ನಂಬ್ಕಂಡು ಬಣ್ಣ ಹಾಕಕ್ಕಾಗಲ್ಲ ಕಣೆ."

ಊರಿನಲ್ಲಿ ಇವತ್ತಿಗೂ ಅವಳ ಮದುವೆ ಮುರಿದುಬಿತ್ತು ಎಂದೇ ಮಾತಿದೆ. ಗಂಡು ಕುಡುಕನೆಂದು ತಿಳಿದು ಬಿಟ್ಟಳಂತೆ, ಆ ಚಿಂತೆಗೇ ಕಣ್ಣು ಹೋಯಿತಂತೆ. ಅವಳು ಯಾವುದನ್ನೂ ಅಲ್ಲಗಳೆದಿಲ್ಲ.

ಹೋದ ತಿಂಗಳು ನಾನು ಹೋದಾಗ ಗುದ್ದಲಿ, ಮಂಕರಿ ತೆಗೆದಿಟ್ಟುಕೊಂಡು ಕಾಯುತ್ತಿದ್ದಳು. ಬಾನಿಯ ಬಾಯಿ ಹಾಗೇ ತೆರೆದಿದ್ದರೆ ಮೇಕೆಮರಿ ಬೀಳುತ್ತದೆ, ತನಗೂ ಅಂಚು ಸರಿಯಾಗಿ ಕಾಣುವುದಿಲ್ಲ, ಮಣ್ಣು ತುಂಬಿಬಿಡು ಎಂದಳು. ಒಡೆಯುವುದು ಬೇಡ, ಇದ್ದಲ್ಲೇ ಇರಲಿ ಎಂದಳು. ನಾನು ಅಗೆದು ತಂದು ಸುರಿದೆ. ಮೊದಲ ಮಣ್ಣು ತಳದ ತೇವಕ್ಕೆ ಬಿದ್ದಾಗ ಅವಳು ಆ ಕಡೆ ತಿರುಗಿ ನಿಂತಳು. ತುಂಬುತ್ತ ಬಂದ ಮೇಲೆ, ಚೆನ್ನಾಗಿ ತುಳಿ ಎಂದಳು. ತುಳಿದೆ.

"ತಗ್ಗು ಐತಾ ಇನ್ನೂ?"

"ಇಲ್ಲ ದೊಡ್ಡಮ್ಮ, ಸಮ ಆಗೈತೆ."

ಅವಳು ಬಂದು ಬರಿಗಾಲನ್ನು ಅದರ ಮೇಲಿಟ್ಟು, ಅಂಚಿನಿಂದ ಅಂಚಿಗೆ ಒತ್ತಿ ಒತ್ತಿ ನೋಡಿದಳು. ಇನ್ನೊಂದು ಮಂಕರಿ ಹಾಕು ಎಂದಳು. ಹಾಕಿದೆ.